ಖಾಲಿ ಹಾಳೆಗೆ ಹಾಕಿದ ಸಹಿ

ಜೂನ್ ೯, ಸೋಮವಾರ

ಶನಿವಾರ ಅಂಚೆಯವನು ಮನೆಗೆ ಒಂದು ರಿಜಿಸ್ಟರ್ ಪೋಸ್ಟ್ ಕೊಟ್ಟು ಹೋಗಿದ್ದ. ಅಮ್ಮ ಸಹಿ ಮಾಡಿ ತೆಗೆದುಕೊಂಡು, ಬ್ಯಾಂಕಿನದೇನೋ ಇರಬೇಕೆಂದು ಅಕ್ಕಿ ಡಬ್ಬದ ಮೇಲಿಟ್ಟು ಮರೆತಿದ್ದಳು. ಇವತ್ತು ಬೆಳಿಗ್ಗೆ ನನ್ನ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಎರಡು ಪುಟ. ನನ್ನ ಹೆಸರು, ಅಮ್ಮನ ಹೆಸರು, ನಂದಿತಾಳ ಹೆಸರು ಗೊತ್ತಾದವು. ಉಳಿದದ್ದು ತಲೆಗೆ ಹತ್ತಲಿಲ್ಲ. ಶಿವಾಜಿನಗರಕ್ಕೆ ಕೆಲಸಕ್ಕೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ, ನಮ್ಮ ಗುಂಡಿ, ಲೇಸಿನ ಅಂಗಡಿಯ ಯಜಮಾನರು ಸನಾವುಲ್ಲಾ ಸಾಹೇಬರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಗಿರಾಕಿಯೊಬ್ಬಳು ರವಿಕೆ ಬಟ್ಟೆ ಹಿಡಿದು ಅದೇ ಬಣ್ಣದ ಗುಂಡಿ ಕೇಳುತ್ತಿದ್ದಳು. ಅವಳನ್ನು ಕೂರಿಸಿ ನನ್ನನ್ನು ಒಳಗೆ ಕರೆದು ಹೇಳಿದರು. ನಂದಿತಾಳನ್ನು ಹದಿನೈದು ದಿನದಲ್ಲಿ ಅವಳ ತಂದೆಗೆ ಒಪ್ಪಿಸಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ತಂದೆಯ ವಕೀಲರು ಬರೆದಿದ್ದಾರೆ.

ಆಮೇಲೆ ಲೇಸು ಅಳೆಯುವಾಗಲೆಲ್ಲ ಮೀಟರಿನ ಲೆಕ್ಕ ತಪ್ಪುತ್ತಿತ್ತು.

ತಂಗಿ ಯಮುನಾ ಡೆಂಗ್ಯೂ ಜ್ವರದಲ್ಲಿ ಹೋದಾಗ ನಂದಿತಾಳಿಗೆ ಹನ್ನೊಂದು ತಿಂಗಳು. ಯಮುನಾಳ ಗಂಡ ಲಿಫ್ಟ್ ರಿಪೇರಿ ಕೆಲಸದವನು. ಫೋನ್ ಬಂದಾಗಲೆಲ್ಲ ಮಾರತ್ತಹಳ್ಳಿ ಕಡೆಯ ಕಟ್ಟಡಗಳಿಗೆ ಓಡಬೇಕಿತ್ತು. ಸ್ವಲ್ಪ ದಿನ ಇಟ್ಟುಕೊಂಡಿರಿ ಅಕ್ಕಾ ಎಂದು ಹಲಸೂರಿನ ನಮ್ಮ ಮನೆಗೆ ಮಗುವನ್ನು ತಂದು ಬಿಟ್ಟ. ಆ ಸ್ವಲ್ಪ ದಿನ ಆರು ವರ್ಷವಾಯಿತು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಹೋದ ವರ್ಷ ಮತ್ತೆ ಮದುವೆಯಾಗಿ ಕೆ.ಆರ್. ಪುರದಲ್ಲಿ ಮನೆ ಮಾಡಿದ. ಈಗ ಮಗಳು ನೆನಪಾಗಿದ್ದಾಳೆ. ಅವಳ ಜಡೆ ಹೆಣೆಯಲು ಬರುತ್ತದೆಯೇ ಅವನಿಗೆ? ಅವನ ಹೆಸರು ಸೂರ್ಯ. ಇದೊಂದು ಸಲ ಬರೆದೆ, ಇನ್ನು ಬರೆಯುವುದಿಲ್ಲ.

ವಕೀಲರು ತಾರೀಖು ಕೇಳುತ್ತಾರೆ, ಎಲ್ಲ ಬರೆದಿಡು ಎಂದರು ಸಾಹೇಬರು. ಅದಕ್ಕೇ ಅಂಗಡಿಯಿಂದ ಈ ಉದ್ದ ನೋಟ್‌ಬುಕ್ ತಂದೆ. ಆದರೆ ಇದನ್ನು ಯಾರಿಗೂ ತೋರಿಸುವಂತೆ ಬರೆಯಲು ನನಗೆ ಆಗುವುದಿಲ್ಲ ಅನ್ನಿಸುತ್ತದೆ.

ಜೂನ್ ೧೧, ಬುಧವಾರ

ನಮಗೆ ಯಾವ ವಕೀಲರೂ ಗೊತ್ತಿಲ್ಲ. ನಲವತ್ತನಾಲ್ಕು ವರ್ಷ ಈ ಊರಿನಲ್ಲಿದ್ದು ಒಬ್ಬ ವಕೀಲರ ಹೆಸರೂ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಪಕ್ಕದ ಮನೆಯವರು ಫೋನಿನಲ್ಲಿ ಹುಡುಕಿ, ತುಂಬ ಸ್ಟಾರ್ ಇರುವ ಒಂದು ಆಫೀಸು ತೋರಿಸಿದರು. ಇಂದಿರಾನಗರದಲ್ಲಿ. ಕೃಷ್ಣಸ್ವಾಮಿ ಎಂಬ ದೊಡ್ಡ ವಕೀಲರದು.

ಅರ್ಧ ದಿನ ರಜೆ ಹಾಕಿ ಹೋದೆ. ಗಾಜಿನ ಬಾಗಿಲು, ಒಳಗೆ ಚಳಿ. ಒಂದು ಫಾರಂ ಕೊಟ್ಟರು, ಅದೂ ಇಂಗ್ಲಿಷಿನಲ್ಲಿ. ಒಂದೂವರೆ ಗಂಟೆ ಕಾದ ಮೇಲೆ ಒಬ್ಬ ಜೂನಿಯರ್ ಹುಡುಗಿ ಕರೆದು ವಿಷಯ ಚಿಕ್ಕದಾಗಿ ಹೇಳಿ ಎಂದಳು. ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ. ಯಮುನಾಳ ಜ್ವರದಿಂದ ಶುರು ಮಾಡಿದೆ. ಮಗುವಿನ ಹೆಸರಿನಲ್ಲಿ ಆಸ್ತಿ ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಮರ್ಯಾದೆಯಾಗಿಯೇ ಮಾತಾಡಿದಳು, ಸರ್ ನೋಡಿ ತಿಳಿಸುತ್ತಾರೆ ಎಂದಳು. ಸರ್ ಒಳಗಿನ ಕೋಣೆಯಲ್ಲಿ ಬೆನ್ನು ಹಾಕಿ ಫೋನಿನಲ್ಲಿದ್ದರು. ಅವರ ಮುಖ ನೋಡದೆ ಬಂದೆ.

ಅಂಥವರ ಮುಂದೆ ನನಗೆ ಮಾತೇ ಬರುವುದಿಲ್ಲ. ಯಾರಾದರೂ ಒಬ್ಬರು ಸಿಕ್ಕಿ, ನೀನು ಮನೆಗೆ ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದರೆ ಸಾಕು. ಅವರು ಹೇಳಿದ ಕಡೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ಜೂನ್ ೧೪, ಶನಿವಾರ

ಸಿಕ್ಕರು.

ನಮ್ಮ ಬೀದಿಯ ಹಿರಿಯರು ದೊಡ್ಡಮುನಿಯಪ್ಪನವರು ತಾವೇ ಕರೆದುಕೊಂಡು ಹೋದರು. ಪ್ರೇಮ್‌ಕುಮಾರ್ ಎಂದು ಹೆಸರು, ನಮ್ಮವರೇ. ಹಲಸೂರು ಮಾರ್ಕೆಟ್ ಹತ್ತಿರ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ. ಗೋಡೆಯ ಮೇಲೆ ನಮ್ಮ ಮನೆಯಲ್ಲಿರುವ ಹಾಗೆಯೇ ಬಾಬಾಸಾಹೇಬರ ಪಟ, ಪಕ್ಕದಲ್ಲಿ ಬುದ್ಧ. ನೋಡಿದೊಡನೆ ಎದೆ ಹಗುರಾಯಿತು. ನನ್ನನ್ನು ಅಕ್ಕಾ ಎಂದು ಕರೆದು ಟೀ ತರಿಸಿದರು. ನಾನು ನಾಲ್ಕು ಮಾತು ಆಡುವಷ್ಟರಲ್ಲಿ ಅವರಿಗೆ ಎಲ್ಲ ತಿಳಿದುಹೋಯಿತು.

"ಮಗು ನಿಮ್ಮ ಕೈ ಬಿಟ್ಟು ಹೋಗಲ್ಲ ಅಕ್ಕಾ. ಇದು ನನ್ನ ಗ್ಯಾರಂಟಿ. ಅವ್ನು ಕೇಸ್ ಹಾಕೋಕೆ ಮುಂಚೆ ನಾವೇ ಹಾಕ್ಬಿಡೋಣ," ಎಂದರು.

ಅವರು ನನ್ನ ಪರವಾಗಿ ನಡೆಸಲು ಒಪ್ಪಿಗೆಯ ಕಾಗದ, ವಕಾಲತ್ತು ಅನ್ನುತ್ತಾರೆ, ಅದಕ್ಕೆ ಸಹಿ ಹಾಕಿದೆ. ಆಮೇಲೆ ನಾಲ್ಕು ಖಾಲಿ ಹಾಳೆಗಳ ಕೆಳಗೂ ಹಾಕಿಸಿಕೊಂಡರು. ಪದೇ ಪದೇ ನಿಮ್ಮನ್ನು ಓಡಾಡಿಸುವುದು ಬೇಡ ಅಂತ ಎಂದರು. ಎಷ್ಟು ಯೋಚನೆ ಅವರಿಗೆ.

ಬರುವಾಗ ನಂದಿತಾಳಿಗೆ ಬಣ್ಣದ ಪೆನ್ಸಿಲ್ ತಂದೆ.

ಜೂನ್ ೧೮, ಬುಧವಾರ

ಸಾಹೇಬರಿಗೆ ಗ್ಯಾರಂಟಿ ಎಂಬ ಮಾತು ಹಿಡಿಸಲಿಲ್ಲ. "ನೋಡು ಗಂಗಮ್ಮ, ಈ ಜಿಪ್ಪಿಗೆ ನಾನು ಗ್ಯಾರಂಟಿ ಕೊಡಲ್ಲ. ಅವ್ರು ಮಗೂಗೆ ಹೆಂಗೆ ಕೊಡ್ತಾರೆ?" ಎಂದರು. ಅವರ ತಂಗಿಯ ಕೇಸು ನಡೆಸಿದ ಅಲಮೇಲು ಎಂಬ ವಕೀಲರು ಕಾಕ್ಸ್‌ಟೌನಿನಲ್ಲಿದ್ದಾರೆ, ಸುಮ್ಮನೆ ಒಮ್ಮೆ ಮಾತಾಡಿಕೊಂಡು ಬಾ, ಇಬ್ಬರನ್ನು ಕೇಳುವುದರಲ್ಲಿ ತಪ್ಪೇನಿಲ್ಲ ಎಂದು ತಾವೇ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಅವರ ಮಾತಿಗೆ ಹೋದೆ.

ಬೇಕರಿಯ ತಿರುವು ದಾಟಿ ಹಳೆಯ ಮನೆ. ಮುಂದಿನ ಕೋಣೆಯೇ ಆಫೀಸು. ಅರವತ್ತೈದು ದಾಟಿರಬೇಕು. ಎಡಗಿವಿ ಕೇಳುವುದಿಲ್ಲ, ಈ ಕಡೆ ಕೂತುಕೊಳ್ಳಿ ಎಂದು ಕುರ್ಚಿ ತಿರುಗಿಸಿದರು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಪ್ರಶ್ನೆ ಕೇಳಿದರು, ಉತ್ತರವನ್ನೆಲ್ಲ ಬರೆದುಕೊಂಡರು. ನಂದಿತಾಳನ್ನು ಶಾಲೆಗೆ ಯಾರು ಬಿಡುತ್ತಾರೆ, ಜ್ವರ ಬಂದರೆ ಯಾರ ಹತ್ತಿರ ಮಲಗುತ್ತಾಳೆ, ಅಪ್ಪ ಬಂದಾಗ ಓಡಿ ಹೋಗುತ್ತಾಳೋ ಹಿಂದೆ ನಿಲ್ಲುತ್ತಾಳೋ. ಓಡಿ ಹೋಗುತ್ತಾಳೆ ಎಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಕುಡಿಯುತ್ತಾನಾ, ಮಗುವಿಗೆ ಹೊಡೆದಿದ್ದಾನಾ, ಯಮುನಾಳನ್ನು ಹೇಗೆ ನೋಡಿಕೊಂಡಿದ್ದ ಎಂದು ಕೇಳಿದರು. ಇಲ್ಲ, ಇಲ್ಲ, ಚೆನ್ನಾಗಿಯೇ ನೋಡಿಕೊಂಡಿದ್ದ.

"ಹಾಗಿದ್ರೆ ಗಂಗಮ್ಮ, ಒಂದು ಮಾತು. ತಾಯಿ ಇಲ್ದಿದ್ಮೇಲೆ ಕಾನೂನು ಮೊದ್ಲು ತಂದೆ ಕಡೆ ನೋಡತ್ತೆ. ಮಗು ಹಿತ ಎಲ್ಲಕ್ಕಿಂತ ದೊಡ್ಡದು ಅಂತಾರೆ, ನಿಜ. ಆರು ವರ್ಷ ನೀವು ಸಾಕಿದೀರ, ಅದನ್ನ ನಾನು ಗಟ್ಟಿಯಾಗಿ ಹೇಳ್ತೀನಿ. ಆದ್ರೆ ಅವಳು ನಿಮ್ಮ ಹತ್ರಾನೇ ಉಳೀತಾಳೆ ಅಂತ ಹೇಳಲಾರೆ. ನೀವು ಸೋಲ್ಬಹುದು."

ಹಾಗಾದರೆ ನಿಮ್ಮಿಂದ ಏನು ಪ್ರಯೋಜನ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ತಿರುಗಿ ನೋಡದೆ ಬಂದೆ. ದುಡ್ಡು ತೆಗೆದುಕೊಳ್ಳಲಿಲ್ಲ, ಅಷ್ಟು ಸರಿ. ಸೋಲುತ್ತೀರಿ ಎಂದು ಕಾಗದ ಬಿಚ್ಚುವ ಮೊದಲೇ ಹೇಳುವ ವಕೀಲರ ಹತ್ತಿರ ಯಾರು ಹೋಗುತ್ತಾರೆ? ಅವರಿಗೆ ಮಕ್ಕಳಿದ್ದಾರೋ ಇಲ್ಲವೋ.

ಜುಲೈ ೧, ಮಂಗಳವಾರ

ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕಿದೆವು. ಪ್ರತಿ ಪುಟಕ್ಕೂ ಸಹಿ. ಪ್ರೇಮ್‌ಕುಮಾರ್ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಹಾಕಿದೆ. ಏನು ಬರೆದಿದೆ ಎಂದು ಒಮ್ಮೆ ಕೇಳಿದೆ. ಎಲ್ಲ ನೀವು ಹೇಳಿದ್ದೇ ಅಕ್ಕಾ ಎಂದರು.

ಜುಲೈ ೨೯, ಮಂಗಳವಾರ

ವಾಯಿದೆ. ಮುಂದಿನ ತಾರೀಖು ಆಗಸ್ಟ್ ೧೨.

ಆಗಸ್ಟ್ ೧೨, ಮಂಗಳವಾರ

ಮತ್ತೆ ವಾಯಿದೆ. ಪ್ರೇಮ್‌ಕುಮಾರ್ ಬರಲಿಲ್ಲ, ನಾನು ಯಾವತ್ತೂ ನೋಡಿರದ ಒಬ್ಬರು ಕೋಟು ಹಾಕಿಕೊಂಡು ನಮ್ಮ ಪರವಾಗಿ ನಿಂತರು. ನನ್ನ ಹೆಸರನ್ನು ಗಂಗಮ್ಮನೋ ಗಂಗಾಬಾಯಿಯೋ ಎಂದು ಅವರೇ ನನ್ನನ್ನು ಕೇಳಿದರು. ಫೋನ್ ಮಾಡಿದರೆ ಪ್ರೇಮ್‌ಕುಮಾರ್ ಎತ್ತುವುದಿಲ್ಲ. ದೊಡ್ಡಮುನಿಯಪ್ಪನವರಿಂದ ಮಾಡಿಸಿದರೆ ಎತ್ತುತ್ತಾರೆ.

ಆಗಸ್ಟ್ ೨೬, ಮಂಗಳವಾರ

ಇವತ್ತು ಅವನು ಬಂದಿದ್ದ. ಕೆಲಸದ ಅಂಗಿಯಲ್ಲೇ ಇದ್ದ, ಜೇಬಿನಲ್ಲಿ ಟೆಸ್ಟರ್. ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ನಾನು ಕೂತಿದ್ದೆ. ಎದುರಿಗೆ ಬಂದು ನಿಂತ. ಕೈಯಲ್ಲಿ ನಮ್ಮ ಅರ್ಜಿಯ ಕಾಪಿ ಇತ್ತು, ಅಂಚೆಲ್ಲ ಮುದುಡಿತ್ತು.

"ಅಕ್ಕಾ, ಇದನ್ನ ನೀವು ಓದಿದೀರಾ?" ಎಂದು ಕೇಳಿದ. ಅಷ್ಟೇ.

ಅವನ ವಕೀಲರು ಬಂದು ಕರೆದುಕೊಂಡು ಹೋದರು. ಅವನು ಜಗಳ ಮಾಡಿದ್ದರೆ ಒಳ್ಳೆಯದಿತ್ತು.

ಆಗಸ್ಟ್ ೨೮, ಗುರುವಾರ

ಜೆರಾಕ್ಸ್ ಅಂಗಡಿಗೆ ಹೋಗಿ, ಮೇಲಿನ ಕೋಣೆಯ ಗುಮಾಸ್ತನನ್ನು ಕಾಡಿ ಬೇಡಿ ಅರ್ಜಿಯ ಒಂದು ಪ್ರತಿ ತಂದೆ. ನನ್ನದೇ ಅರ್ಜಿ. ಸಾಹೇಬರ ಮಗಳು ಸಾಮಿಯಾ ಬಿ.ಕಾಂ ಓದುತ್ತಿದ್ದಾಳೆ. ಮಧ್ಯಾಹ್ನ ಅಂಗಡಿಗೆ ಊಟ ತಂದಾಗ ಅವಳನ್ನು ಕೂರಿಸಿಕೊಂಡೆ. ಒಂದೊಂದೇ ಪ್ಯಾರಾ ಓದಿ ಕನ್ನಡದಲ್ಲಿ ಹೇಳಿದಳು. ಐದನೆಯದಕ್ಕೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು. ಓದು ಎಂದೆ.

ಅದರಲ್ಲಿ ಬರೆದದ್ದು ಇದು. ಅವನು ಕುಡುಕ, ಯಮುನಾಳಿಗೆ ಹೊಡೆಯುತ್ತಿದ್ದ. ಜ್ವರ ಬಂದಾಗ ಆಸ್ಪತ್ರೆಗೆ ಸೇರಿಸಲಿಲ್ಲ. ಹೋದ ದಸರಾದಲ್ಲಿ ನಂದಿತಾ ಅವರ ಮನೆಯಲ್ಲಿ ಎರಡು ದಿನ ಇದ್ದಾಗ, ಅವನ ಹೊಸ ಹೆಂಡತಿ ಬೇಕೆಂದೇ ಬಿಸಿ ಹಾಲು ಸುರಿದು ಮಗುವಿನ ಎಡಗೈ ಸುಟ್ಟಳು. ಗಾಯದ ಗುರುತು ಈಗಲೂ ಇದೆ.

ಗುರುತು ಇದೆ. ಪ್ರೇಮ್‌ಕುಮಾರ್ ಒಮ್ಮೆ ಮನೆಗೆ ಬಂದಿದ್ದಾಗ ನೋಡಿ ಏನಿದು ಎಂದು ಕೇಳಿದ್ದರು, ಹಾಲು ಬಿದ್ದದ್ದು ಎಂದಿದ್ದೆ. ಎರಡು ವರ್ಷದ ಹಿಂದೆ, ನಮ್ಮ ಅಡುಗೆಮನೆಯಲ್ಲಿ, ನನ್ನ ಕೈಯಿಂದ. ಪಾತ್ರೆ ಇಳಿಸುವಾಗ ಅವಳು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ಸೂರ್ಯ. ಆವತ್ತು ಭಾನುವಾರ, ಅವನು ಬಂದಿದ್ದ. ನನಗೆ ಒಂದು ಮಾತು ಅನ್ನಲಿಲ್ಲ.

ಇದೆಲ್ಲ ನಿಜವೆಂದು ಪ್ರಮಾಣ ಮಾಡುತ್ತೇನೆ ಎಂದು ಕೊನೆಯಲ್ಲಿ ಬರೆದಿದೆಯಂತೆ. ಅದರ ಕೆಳಗೆ ನನ್ನ ಸಹಿ. ಸಾಮಿಯಾ ಮಡಚಿ ಕೈಗೆ ಕೊಟ್ಟಳು.

ಆಗಸ್ಟ್ ೩೦, ಶನಿವಾರ

ಪ್ರೇಮ್‌ಕುಮಾರ್ ಸಿಕ್ಕರು. ಹೀಗೇಕೆ ಬರೆದಿರಿ ಎಂದು ಕೇಳಿದೆ. ಅವರಿಗೆ ಕೋಪ ಬರಲಿಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಹೇಳಿದರು. ಎಲ್ಲರೂ ಹೀಗೆಯೇ ಬರೆಯುವುದು. ಒಳ್ಳೆಯ ಅಪ್ಪ ಅಂತ ಬರೆದರೆ ಕೇಸು ಅಲ್ಲಿಗೇ ಮುಗಿಯಿತು. ಜಡ್ಜ್ ಮಗುವನ್ನು ಒಳಗೆ ಕರೆದು ಕೇಳಬಹುದು, ಆಗ ಅವಳು ಕೈ ತೋರಿಸಿ ಒಂದು ಮಾತು ಹೇಳಿದರೆ ಸಾಕು. ಅದನ್ನು ನೀವು ಹೇಳಿಕೊಡಬೇಕು.

"ಮಗು ಬೇಕಾ ಬೇಡ್ವಾ ಅಕ್ಕಾ? ಅಷ್ಟು ಹೇಳಿ ನಂಗೆ."

ನಾನು ಆಯಿತು ಎಂದೆ. ಇದನ್ನು ಬರೆದಿಡಬೇಕು. ಆಯಿತು ಎಂದೆ.

ಸೆಪ್ಟೆಂಬರ್ ೨, ಮಂಗಳವಾರ

ಶುರು ಮಾಡಿದೆ. ಜಡೆ ಹೆಣೆಯುವಾಗ. ಅವಳ ಮುಖ ಆ ಕಡೆ ಇರುತ್ತದೆ, ಹೇಳುವುದು ಸುಲಭ.

ಸೆಪ್ಟೆಂಬರ್ ೭, ಭಾನುವಾರ

ನಂದಿತಾ ಎಲ್ಲ ಕೇಳಿಸಿಕೊಂಡು, ಕೈ ತಿರುಗಿಸಿ ನೋಡಿಕೊಂಡು ಕೇಳಿದಳು. "ದೊಡ್ಡಮ್ಮ, ಇದು ನೀನು ಹಾಲು ಇಳಿಸೋವಾಗ ಆಗಿದ್ದಲ್ವಾ?"

ನಿನಗೆ ಆಗ ಐದು ವರ್ಷ, ನೆನಪಿರುವುದಿಲ್ಲ ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ, ಹೌದಾ ಎಂದಳು. ನಂಬಿದಳು. ನಾನು ಹೇಳಿದ್ದಕ್ಕೆ ನಂಬಿದಳು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಇಡೀ ದಿನ ನನ್ನ ಜೊತೆ ಮಾತಾಡಿಲ್ಲ.

ಸೆಪ್ಟೆಂಬರ್ ೧೦, ಬುಧವಾರ

ಬೆಳಿಗ್ಗೆ ಇಡ್ಲಿ ತಿನ್ನುತ್ತಾ, ಪುಸ್ತಕದ ಬ್ಯಾಗಿನಲ್ಲಿ ರಬ್ಬರ್ ಹುಡುಕುತ್ತಾ, ತಾನಾಗಿಯೇ ಹೇಳಿದಳು. ಮಗ್ಗಿ ಒಪ್ಪಿಸುವ ಹಾಗೆ. "ಅಪ್ಪನ ಮನೆ ಆಂಟಿ ನನ್ನ ಕೈಗೆ ಬಿಸಿ ಹಾಲು ಹಾಕಿದ್ರು. ನಂಗೆ ಅಲ್ಲಿಗೆ ಹೋಗೋಕೆ ಭಯ." ಆಮೇಲೆ ತಲೆಯೆತ್ತಿ, "ಸರಿಯಾಗಿ ಹೇಳಿದ್ನಾ ದೊಡ್ಡಮ್ಮ?" ಎಂದಳು.

ಸರಿಯಾಗಿ ಹೇಳಿದ್ದಳು. ಒಂದು ಅಕ್ಷರ ತಪ್ಪಿರಲಿಲ್ಲ.

ಶಾಲೆಗೆ ಬಿಟ್ಟು ಬಂದು, ಬಸ್ ಸ್ಟಾಪಿನಲ್ಲಿ ಕೂತೆ. ಶಿವಾಜಿನಗರದ ಬಸ್ಸು ಎಷ್ಟು ಹೋದವೋ ಗೊತ್ತಿಲ್ಲ. ಅಂಗಡಿಗೆ ಹೋಗಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಕಾಕ್ಸ್‌ಟೌನಿಗೆ ಹೋದೆ. ಫೋನ್ ಮಾಡಿರಲಿಲ್ಲ. ಅಲಮೇಲು ಮೇಡಂ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದರು, ಗುರುತು ಹಿಡಿದರು. ನಾನೇ ಅವರ ಬಲಗಡೆ ಕುರ್ಚಿ ಎಳೆದುಕೊಂಡು ಕೂತು ಅರ್ಜಿ ಕೊಟ್ಟೆ. ಐದನೆಯ ಪ್ಯಾರಾದಿಂದ ಎಂಟರವರೆಗೆ ಸುಳ್ಳು ಎಂದೆ. ಹಾಲಿನ ವಿಷಯ ಹೇಳಿದೆ. ಮಗುವಿಗೆ ಹೇಳಿಕೊಟ್ಟದ್ದನ್ನೂ ಹೇಳಿದೆ.

ಅವರು ಸಮಾಧಾನ ಮಾಡಲಿಲ್ಲ. ತುಂಬ ಹೊತ್ತು ಓದಿದರು.

"ಇದನ್ನ ವಾಪಸ್ ತಗೋಬೇಕು. ಕೋರ್ಟ್ ಮುಂದೆ ತಪ್ಪು ಅಂತ ಒಪ್ಕೋಬೇಕು. ಜಡ್ಜ್‌ಗೆ ಸಿಟ್ಟು ಬರತ್ತೆ, ಬರ್ಬೇಕು ಕೂಡ. ಸೂರ್ಯನ ಕಡೆ ವಕೀಲರು ಇದನ್ನೇ ಹಿಡ್ಕೊಂಡು ನಿಮ್ಮನ್ನ ಹರಿದು ಹಾಕ್ತಾರೆ. ಮೊದ್ಲೇ ಕಷ್ಟ ಇತ್ತು, ಈಗ ಇನ್ನೂ ಕಷ್ಟ. ಅಷ್ಟಕ್ಕೂ ತಯಾರಿದ್ರೆ ನಾನು ಬರ್ತೀನಿ."

ಮಗು ಸಿಗುತ್ತಾಳಾ ಎಂದು ಕೇಳಿದೆ. ಮತ್ತೆ ಅದೇ ಉತ್ತರ, ಹೇಳಲಾರೆ. ಏನು ಮಾಡಬಲ್ಲಿರಿ ಎಂದು ಕೇಳಿದೆ. ಅವಳನ್ನು ಒಂದೇ ದಿನದಲ್ಲಿ ಕಿತ್ತುಕೊಂಡು ಹೋದಂತೆ ಆಗದ ಹಾಗೆ, ನಿಮ್ಮ ಮನೆಯ ಬಾಗಿಲು ಅವಳಿಗೆ ಮುಚ್ಚದ ಹಾಗೆ ನೋಡಬಲ್ಲೆ ಎಂದರು. ಎಷ್ಟು ಸಲ ನೀವೇ ಬರುತ್ತೀರಿ, ಎಷ್ಟು ಸಲ ಜೂನಿಯರ್ ಎಂದು ಕೇಳಿದೆ. ನಾನೇ, ನನಗೆ ಜೂನಿಯರ್ ಇಲ್ಲ ಎಂದರು. ಪ್ರತಿ ಕಾಗದವನ್ನೂ ನನಗೆ ಕನ್ನಡದಲ್ಲಿ ಓದಿ ಹೇಳಬೇಕು ಎಂದೆ. ಆಗ ಮೊದಲ ಸಲ ನಕ್ಕರು, ಚಿಕ್ಕದಾಗಿ.

ಹಳೆಯ ವಕೀಲರಿಂದ ಅಭ್ಯಂತರವಿಲ್ಲ ಎಂದು ಸಹಿ ತರಬೇಕಂತೆ. ಅದನ್ನು ನಾನೇ ತರಬೇಕು.

ನಂದಿತಾಳಿಗೆ ಸಂಜೆ ಹೇಳಿದೆ. ನಿನಗೆ ನೆನಪಿದ್ದದ್ದೇ ಸರಿ, ದೊಡ್ಡಮ್ಮ ಹೇಳಿದ್ದು ತಪ್ಪು, ಹಾಲು ಚೆಲ್ಲಿದ್ದು ನಾನು. ಅವಳು ಬಣ್ಣ ಹಚ್ಚುತ್ತಲೇ, ನಂಗೊತ್ತಿತ್ತು ಎಂದಳು.

ಸೆಪ್ಟೆಂಬರ್ ೨೬, ಶುಕ್ರವಾರ

ಇದು ನಾಲ್ಕನೆಯ ಸಲ. ಪ್ರೇಮ್‌ಕುಮಾರ್ ಆಫೀಸಿನಲ್ಲಿಲ್ಲ, ಊಟಕ್ಕೆ ಹೋಗಿದ್ದಾರೆ, ಊರಲ್ಲಿಲ್ಲ. ಇವತ್ತು ಕೋರ್ಟಿನ ಕ್ಯಾಂಟೀನ್ ಹತ್ತಿರ ಬೆಳಿಗ್ಗೆ ಹತ್ತರಿಂದ ನಿಂತಿದ್ದೆ. ಮಧ್ಯಾಹ್ನ ಎರಡಕ್ಕೆ ಬಂದರು. ಅರ್ಜಿಯ ವಿಷಯ ಎತ್ತಿ ಅವರನ್ನು ಬಯ್ಯುತ್ತೇನೆ ಎಂದುಕೊಂಡರೋ ಏನೋ, ಪಕ್ಕಕ್ಕೆ ಕರೆದರು. ನಾನು ಕಾಗದ ಮುಂದಿಟ್ಟೆ. ಬರೆದಿಟ್ಟ ಸಾಲನ್ನು ಓದಿ ನೋಡಿ ಸಹಿ ಹಾಕಿದರು.

"ನಿಮ್ಮ ಒಳ್ಳೇದಕ್ಕೇ ಬರೆದಿದ್ದು ಅಕ್ಕಾ. ನಿಜ ಹೇಳಿ ಮಗು ಕಳ್ಕೋತೀರಾ ನೋಡಿ," ಎಂದರು.

ಅವರ ಮೇಲೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಸುಸ್ತಾಗಿದ್ದರು, ಕಾಲರ್ ಹರಿದಿತ್ತು. ಸಹಿ ಹಾಕಿದ್ದ ಆ ನಾಲ್ಕು ಖಾಲಿ ಹಾಳೆಗಳನ್ನು ವಾಪಸ್ ಕೇಳಿದೆ. ಸಂಜೆ ಅವರ ಗುಮಾಸ್ತ ಎರಡು ತಂದುಕೊಟ್ಟ, ಇನ್ನೆರಡು ಆಗಲೇ ಖರ್ಚಾಗಿವೆ ಎಂದ. ಅವನ ಎದುರಿಗೇ ಹರಿದೆ.

ನವೆಂಬರ್ ೧೧, ಮಂಗಳವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ. ಚಿಕ್ಕದಾಗಿ ಬರೆಯುತ್ತೇನೆ.

ಅಲಮೇಲು ಮೇಡಂ ತಿದ್ದುಪಡಿಯ ಅರ್ಜಿ ಕೊಟ್ಟರು. ಸೂರ್ಯನ ವಕೀಲರು ಎದ್ದು ನಿಂತು, ಮಗುವಿನ ಕೈ ಸುಟ್ಟು ಅದನ್ನು ತಂದೆಯ ಹೆಂಡತಿಯ ತಲೆಗೆ ಕಟ್ಟಿದ ಹೆಂಗಸು ಎಂದರು. ಕೋರ್ಟ್ ಹಾಲ್ ಒಳಗೆ ಎಷ್ಟೋ ಜನ ಇದ್ದರು. ಜಡ್ಜ್ ನನ್ನನ್ನು ಹತ್ತಿರ ಕರೆದು, ಇದು ನಿಮ್ಮ ಸಹಿಯೇ ಎಂದು ಕೇಳಿದರು. ಹೌದು ಎಂದೆ. ಸುಳ್ಳು ಎಂದು ಗೊತ್ತಿದ್ದು ಹಾಕಿದಿರೋ ಗೊತ್ತಿಲ್ಲದೆಯೋ ಎಂದರು.

"ಹಾಕೋವಾಗ ಗೊತ್ತಿರ್ಲಿಲ್ಲ ಸ್ವಾಮಿ. ಗೊತ್ತಾದ್ಮೇಲೂ ಎರಡು ವಾರ ಸುಮ್ನಿದ್ದೆ. ಮಗೂಗೂ ಹೇಳ್ಕೊಟ್ಟಿದ್ದೆ."

ಮಗುವಿಗೆ ಹೇಳಿಕೊಟ್ಟದ್ದರ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ, ನಾನೇ ಹೇಳಿದ್ದು. ಅಲಮೇಲು ಮೇಡಂ ನನ್ನ ಕಡೆ ತಿರುಗಿ ನೋಡಿದರು. ಸೂರ್ಯ ತಲೆ ಬಗ್ಗಿಸಿ ನಿಂತಿದ್ದ. ಜಡ್ಜ್ ಕಠಿಣವಾಗಿ ಬೈದರು. ಹಾಗೆ ನನ್ನನ್ನು ಶಾಲೆಯಲ್ಲೂ ಯಾರೂ ಬೈದಿರಲಿಲ್ಲ. ಆಮೇಲೆ ನಂದಿತಾಳನ್ನು ಒಳಗೆ ಕರೆದು ಇಪ್ಪತ್ತು ನಿಮಿಷ ಮಾತಾಡಿದರು. ಹೊರಗೆ ಬಂದಾಗ ಅವಳ ಕೈಯಲ್ಲಿ ಚಾಕೊಲೇಟ್ ಇತ್ತು. ಒಳಗೆ ಏನು ಹೇಳಿದೆ ಎಂದು ಕೇಳಬೇಡಿ, ಯಾವತ್ತೂ ಕೇಳಬೇಡಿ ಎಂದರು ಮೇಡಂ. ಕೇಳಲಿಲ್ಲ.

ರಾಜಿ ಮಾತುಕತೆಗೆ ಕಳಿಸಿದ್ದಾರೆ.

ಡಿಸೆಂಬರ್ ೯, ಮಂಗಳವಾರ

ಒಂದು ದುಂಡು ಮೇಜು, ಮಧ್ಯಸ್ಥರೊಬ್ಬರು, ನಾವು ಎರಡೂ ಕಡೆಯವರು. ಶಾಂತಕುಮಾರಿಯೂ ಬಂದಿದ್ದಳು, ಸೂರ್ಯನ ಹೆಂಡತಿ. ಇಷ್ಟು ದಿನ ಅವಳ ಮುಖ ಸರಿಯಾಗಿ ನೋಡಿರಲಿಲ್ಲ. ಇಪ್ಪತ್ತೆಂಟು ಇರಬಹುದು. ಮಗುವಿನ ಕೈ ಸುಟ್ಟವಳು ಎಂದು ನಾನು ಬರೆಸಿದ್ದು ಇವಳ ಮೇಲೆ. ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು.

ಸೂರ್ಯ ನನ್ನನ್ನು ನೋಡದೆ ಮೇಜನ್ನು ನೋಡಿಕೊಂಡು ಮಾತಾಡಿದ. "ನಾನು ಯಮುನಾಗೆ ಹೊಡೀತಿದ್ದೆ ಅಂತ ಬರೆಸಿದ್ರಲ್ಲ ಅಕ್ಕಾ. ಆಸ್ಪತ್ರೇಲಿ ಹನ್ನೊಂದು ದಿನ ನೀವೂ ಅಲ್ಲೇ ಇದ್ರಲ್ಲ."

ಅಲ್ಲೇ ಇದ್ದೆ ಎಂದೆ. ತಪ್ಪು ನನ್ನದು ಎಂದೆ. ಶಾಂತಕುಮಾರಿಯ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದೆ. ಅವಳು ತಲೆಯಾಡಿಸಿದಳು, ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಮಗಳನ್ನು ಇಷ್ಟು ವರ್ಷ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಮಧ್ಯಸ್ಥರು ಕೇಳಿದಾಗ ಅವನು ಹೇಳಿದ್ದು ಇದು. ಪ್ರತಿ ಸಲ ಕರೆದುಕೊಂಡು ಹೋಗಲೆಂದೇ ಬರುತ್ತಿದ್ದನಂತೆ. ಹೊರಡುವ ಹೊತ್ತಿಗೆ ಅವಳು ನನ್ನ ಸೆರಗು ಹಿಡಿದು ನಿಂತದ್ದು ನೋಡಿ ಮಾತು ಬಾಯಿಗೆ ಬರುತ್ತಿರಲಿಲ್ಲವಂತೆ. ಕೊನೆಗೆ ವಕೀಲರಿಂದ ಬರೆಸಿದನಂತೆ. ನಾನಾದರೂ ಏನು ಮಾಡಿದ್ದೆ, ಎದುರಿಗೆ ಮಾತಾಡದೆ ವಕೀಲರಿಂದ ಬರೆಸಿದ್ದೇ ಅಲ್ಲವೇ.

ಅಲಮೇಲು ಮೇಡಂ ಎರಡು ಗಂಟೆ ಒಂದೊಂದೇ ದಿನಕ್ಕಾಗಿ ವಾದಿಸಿದರು. ಅವರಿಗೆ ಕೇಳಿಸದ ಕಡೆ ಸೂರ್ಯನ ವಕೀಲರು ಕೂತಿದ್ದರು, ಮೇಡಂ ಪ್ರತಿ ಮಾತನ್ನೂ ಎರಡು ಸಲ ಹೇಳಿಸಿದರು. ಕೊನೆಗೆ ಒಪ್ಪಿದ್ದು ಹೀಗೆ. ಜನವರಿಯಿಂದ ಎರಡನೆಯ, ನಾಲ್ಕನೆಯ ಶನಿವಾರ ಭಾನುವಾರ ನಂದಿತಾ ಅಪ್ಪನ ಮನೆಗೆ. ಈ ವರ್ಷದ ಶಾಲೆ ಮುಗಿದ ಮೇಲೆ ಪೂರ್ತಿ ಅಲ್ಲಿಯೇ. ಆಮೇಲೆ ಅದೇ ಎರಡು ಶನಿವಾರ ಭಾನುವಾರ ನನ್ನ ಹತ್ತಿರ, ಭಾನುವಾರ ಸಂಜೆ ಆರಕ್ಕೆ ವಾಪಸ್ ಬಿಡಬೇಕು. ದಸರಾ, ಬೇಸಿಗೆ ರಜೆಯಲ್ಲಿ ಅರ್ಧರ್ಧ. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿಕೊಂಡೆ. ಒಂದು ಕಡೆ "ಸಾಧ್ಯವಾದರೆ" ಎಂದಿತ್ತು. ಅದನ್ನು ತೆಗೆಯಿರಿ ಎಂದೆ, ತೆಗೆದರು. ಆಮೇಲೆ ಸಹಿ ಹಾಕಿದೆ.

ಇಷ್ಟೆಲ್ಲ ಮಾಡಿ ಮಗುವನ್ನು ಕೊಟ್ಟು ಬಂದೆಯಾ ಎಂದಳು ಅಮ್ಮ. ಕೊಟ್ಟು ಬಂದೆ.

ಜನವರಿ ೧೦, ಶನಿವಾರ

ಕೆ.ಆರ್. ಪುರದ ಹತ್ತಿರ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದೆವು. ಆ ಜನಜಂಗುಳಿಯಲ್ಲಿ ಸೂರ್ಯನನ್ನು ಮೊದಲು ಕಂಡದ್ದು ಅವಳೇ. ಕೈ ಬಿಡಿಸಿಕೊಂಡು ಓಡಿದಳು. ವಾಪಸ್ ಬಸ್ಸಿನಲ್ಲಿ ಅವಳ ಟೋಪಿ ನನ್ನ ಹತ್ತಿರವೇ ಉಳಿದಿತ್ತು.

ಏಪ್ರಿಲ್ ೫, ಭಾನುವಾರ

ಇವತ್ತು ಪೂರ್ತಿ ಹೋದಳು. ಎರಡು ಚೀಲ, ಪುಸ್ತಕದ ಪೆಟ್ಟಿಗೆ, ಗೊಂಬೆ. ಅಮ್ಮ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಏಪ್ರಿಲ್ ೨೫, ಶನಿವಾರ

ಹನ್ನೊಂದನೇ ತಾರೀಖಿಗೆ ಬರಬೇಕಿತ್ತು, ಶಾಂತಕುಮಾರಿಯ ತವರಿಗೆ ಹೋಗಿದ್ದರು. ಹಾಗಾಗಿ ಇದೇ ಮೊದಲು. ಹದಿನೈದು ದಿನದಿಂದ ಏನೇನೋ ಅಂದುಕೊಂಡಿದ್ದೆ, ಬಂದಾಗ ಹೆಚ್ಚು ಮಾತಾಡಲು ಆಗಲಿಲ್ಲ. ಸ್ವಲ್ಪ ಕಪ್ಪಾಗಿದ್ದಾಳೆ. ಎರಡು ಜಡೆ, ಬಿಗಿಯಾಗಿ ಚೆನ್ನಾಗಿ ಹೆಣೆದಿತ್ತು. ಯಾರು ಹೆಣೆದರು ಎಂದು ಕೇಳಿದೆ. ಅಪ್ಪ ಎಂದಳು, ಆಂಟಿ ಹೇಳಿಕೊಟ್ಟರಂತೆ.

ಮಧ್ಯಾಹ್ನ ಅಲಮೇಲು ಮೇಡಂಗೆ ಫೋನ್ ಮಾಡಿ, ಮಗು ಬಂದಿದ್ದಾಳೆ ಎಂದು ಹೇಳಿದೆ. ಒಳ್ಳೆಯದಾಯಿತು, ಊಟ ಮಾಡಿಸಿ ಎಂದರು. ಅಷ್ಟೇ ಮಾತು.

ಸಂಜೆ ಕೆರೆಯ ಕಡೆ ನಡೆದು ಬಂದೆವು. ಅಮ್ಮ ಮಾಡಿದ ಮುದ್ದೆ ಸಾರು ತಿಂದಳು. ಕೈ ತೊಳೆದು ಬಂದು ನನ್ನ ಪಕ್ಕ ಕೂತು ಕೇಳಿದಳು.

"ದೊಡ್ಡಮ್ಮ, ನಾಳೆ ಮನೆಗೆ ಎಷ್ಟೊತ್ತಿಗೆ ಹೋಗೋದು?"

ಮನೆಗೆ ಎಂದಳು. ಆರು ಗಂಟೆಗೆ ಎಂದೆ.

ಆಮೇಲೆ ಹಿತ್ತಲಿಗೆ ಹೋಗಿ ಶಾಂತಕುಮಾರಿಗೆ ಫೋನ್ ಮಾಡಿದೆ. ನಾಳೆ ಆರಕ್ಕೆ ಬದಲು ಆರೂವರೆಗೆ ಬಿಡಲೇ ಎಂದು ಕೇಳಿದೆ. ಬಿಡಿ ಅಕ್ಕಾ, ಪರವಾಗಿಲ್ಲ ಎಂದಳು.